ಹತ್ತೊಂಬತ್ತು ಮಿಲಿಮೀಟರ್

ವಿರಾಜಪೇಟೆಯ ಔಷಧಿ ಅಂಗಡಿಯಲ್ಲಿ ಹಂಸಾಕ
ಮೂರು ಡಬ್ಬಿ ಮುಂದಿಟ್ಟು
ಗೋಡೆಯ ಕ್ಯಾಲೆಂಡರ್ ನೋಡುತ್ತಾ ಹೇಳಿದರು:
ಇದು ಕೈಯಲ್ಲಿ ಒತ್ತುವುದು. ಇದು ವೈರಿನದ್ದು.
ಇದು... ಒಳಗೇ ಇಟ್ಟುಕೊಳ್ಳುವುದಂತೆ, ಹೊಸತು.
ನನ್ನ ಹೆಂಡತಿಯನ್ನು ಕರೆಯಲಾ?

ಮೀನು ತೊಳೆದ ಕೈ ಒರೆಸುತ್ತಾ ಬಂದ ಸುಲೇಖಕ್ಕ
ಡಬ್ಬಿಯನ್ನು ತಲೆಕೆಳಗು ಮಾಡಿ ನೋಡಿದಳು.
ಬೆಲೆ ಆಮೇಲೆ.
ಬಗ್ಗಿದರೆ ಚೆಲ್ಲುತ್ತಾ, ಅದು ಹೇಳಿ.

ಬಗ್ಗುವುದೇ ನನ್ನ ಕೆಲಸ.
ಸೀಟಿನಡಿ ಉರುಳಿದ ಎರಡು ರೂಪಾಯಿಗೆ,
ಹಲ್ಲಿಲ್ಲದ ಬಾಯಿಂದ ಹೊರಡುವ ಊರಿನ ಹೆಸರಿಗೆ,
ಬಾಗಿಲಿಗಡ್ಡ ಕೂತ ಗೊಬ್ಬರದ ಚೀಲಕ್ಕೆ.

ಕೈಯಲ್ಲಿ ಒತ್ತುವುದಕ್ಕೆ ಕೈ ಬೇಕು.
ಇರುವ ಎರಡರಲ್ಲಿ ಒಂದು ಕಂಬಿಗೆ, ಒಂದು ಟಿಕೆಟ್ ಮಿಷನ್ನಿಗೆ.
ವೈರಿನದ್ದಕ್ಕೆ ಗೋಡೆ ಬೇಕು, ಗೋಡೆಯಲ್ಲಿ ಪ್ಲಗ್ಗು,
ಪ್ಲಗ್ಗಿನಲ್ಲಿ ಕರೆಂಟು, ಬಾಗಿಲಿಗೆ ಚಿಲಕ.
ಡಿಪೋದ ಹೆಂಗಸರ ಕೋಣೆಗೆ ಚಿಲಕವಿದೆ.
ಒಳಗೆ ಹಳೆ ಟಯರುಗಳಿವೆ,
ಅವುಗಳನ್ನು ಕೇಳಿಕೊಂಡು ಯಾರಾದರೂ ಬರುತ್ತಲೇ ಇರುತ್ತಾರೆ.

ಮೂರನೆಯದನ್ನೇ ತಂದೆ.

ರಾತ್ರಿ ನಾದಿನಿಯ ಮಗನ ಕಂಪಾಸ್ ಪೆಟ್ಟಿಗೆಯಿಂದ
ಸ್ಕೇಲು ತೆಗೆದು ಅಳೆದುಕೊಂಡೆ.
ಡಬ್ಬಿಯೊಳಗಿನ ಬಟ್ಟಲ ಬಾಯಿ ಇಪ್ಪತ್ತನಾಲ್ಕು.
ನನ್ನದು ಹತ್ತೊಂಬತ್ತು.
ರವಿಕೆಗೆ, ಚಪ್ಪಲಿಗೆ, ಬಳೆಗೆ ಅಳತೆ ಕೊಟ್ಟಿದ್ದೆ.
ಇದಕ್ಕೂ ಒಂದು ನಂಬರಿದೆ ಎಂದು
ಇಷ್ಟು ವರ್ಷ ಯಾರೂ ಹೇಳಿರಲಿಲ್ಲ.
ಸ್ಕೇಲು ತೊಳೆದು ವಾಪಸು ಇಟ್ಟೆ.
ಮಾರನೆಯ ದಿನ ಹುಡುಗ ಅದರಲ್ಲೇ ತ್ರಿಕೋನ ಎಳೆದ.

ಮತ್ತೆ ಹಂಸಾಕನ ಅಂಗಡಿ. ಮತ್ತೆ ಕ್ಯಾಲೆಂಡರ್.
ಸಿಲಿಕೋನಿನ ಎರಡು ಪುಟ್ಟ ಬಳೆ,
ಇನ್ನೂರ ನಲವತ್ತು ರೂಪಾಯಿ.

ಅತ್ತೆ ಯಂತ್ರವನ್ನು ಕೈಯಲ್ಲಿ ತೂಗಿದರು,
ತೆಂಗಿನಕಾಯಿ ತೂಗುವ ಹಾಗೆ.
ನಾವೆಲ್ಲ ಕಾಫಿ ಗಿಡದ ಬುಡಕ್ಕೆ ಹಿಂಡಿ ಬರುತ್ತಿದ್ದೆವು,
ಹಣ್ಣು ಕುಯ್ಯುವ ನಡುವೆ, ಆ ಕಡೆ ತಿರುಗಿ.
ಆ ಸಾಲು ಚೆನ್ನಾಗಿ ಬಂತಾ ಅತ್ತೆ?
ಬಂದಿರಬೇಕು. ರೈಟರು ತೂಗಿಸಿಕೊಂಡು ಹೋದ.
ಸ್ವಲ್ಪ ಹೊತ್ತು ಬಿಟ್ಟು: ಇದಕ್ಕೆಷ್ಟು?
ಅರ್ಧ ಹೇಳಿದೆ.
ಅವರು ಮನಸ್ಸಿನಲ್ಲೇ ಎರಡರಿಂದ ಗುಣಿಸಿದ್ದು
ಮುಖದಲ್ಲಿ ಕಂಡಿತು.

ಬೆಳಿಗ್ಗೆ ಆರು ಹತ್ತರ ಗಾಡಿ.
ಖಾಕಿಯ ಒಳಗೆ ಎರಡು ಬಟ್ಟಲು.
ಎದೆ ನನಗಿಂತ ಒಂದು ಸ್ಟಾಪು ಮುಂದೆ.
ಡ್ರೈವರ್ ಉತ್ತಯ್ಯಣ್ಣ ಕನ್ನಡಿಯಲ್ಲಿ ಒಮ್ಮೆ ನೋಡಿ
ಕನ್ನಡಿಯನ್ನೇ ಮೇಲಕ್ಕೆ ತಿರುಗಿಸಿದ,
ಹಿಂದಿನ ಸೀಟುಗಳ ಬದಲು ಬಸ್ಸಿನ ಸೂರು ಕಾಣುವಷ್ಟು.
ಮೂರ್ನಾಡು ದಾಟುವವರೆಗೆ ಯಾರಿಗೂ ಗೊತ್ತಾಗಲಿಲ್ಲ.
ಈ ಗಾಡಿಯ ಸದ್ದಿನಲ್ಲಿ
ಎಂಟು ಜನ ಒಟ್ಟಿಗೆ ಜಗಳವಾಡಬಹುದು.

ಬೇತ್ರಿ ಸೇತುವೆಯ ಮುಂದೆ ಮರದ ಲಾರಿ ಅಡ್ಡ ನಿಂತಿತ್ತು.
ಉತ್ತಯ್ಯಣ್ಣ ಡೀಸೆಲ್ ಉಳಿಸಲು ಎಂಜಿನ್ ನಿಲ್ಲಿಸಿದ.
ಆಗ ಇಡೀ ಬಸ್ಸು ಕೇಳಿತು:
ಗುರ್‌ರ್... ಟಕ್. ಗುರ್‌ರ್... ಟಕ್.
ಕೆಳಗೆ ಕಾವೇರಿ ಕೂಡ ಅಷ್ಟು ಸದ್ದು ಮಾಡುತ್ತಿರಲಿಲ್ಲ.

ಮೊದಲ ಸೀಟಿನ ಅಜ್ಜ ಕಿವಿಯ ಹಿಂದೆ ಕೈಯಿಟ್ಟು,
ನಿನ್ನ ಫೋನ್ ಅಲ್ವಾ ಮಗಳೇ, ಆಗಿಂದ ಬರ್ತಾ ಇದೆ?
ಹೌದಜ್ಜ.
ಯಾರದು?
ಮನೆಯಿಂದ.
ಎತ್ತು ಮತ್ತೆ, ಅರ್ಜೆಂಟಿರಬಹುದು.
ಕೈ ಖಾಲಿ ಇಲ್ಲ ಅಜ್ಜ, ಎಂದೆ.
ಹಿಂದಿನಿಂದ ಒಬ್ಬ ಹೆಂಗಸು ನಕ್ಕಳು,
ಕೆಟ್ಟ ನಗುವಲ್ಲ,
ಗೊತ್ತಿದ್ದವಳ ನಗು.

ವಿರಾಜಪೇಟೆಯಲ್ಲಿ ಎಪ್ಪತ್ತು ಎಮ್ಮೆಲ್.
ಐಸ್ ಚೀಲಕ್ಕೆ ಸೇರಿಸಿ
ಡ್ರೈವರ್ ಸೀಟಿನ ಹಿಂದೆ ನೆರಳಿಗಿಟ್ಟೆ.
ಹೆಂಗಸರಿಗೆಲ್ಲ ಕೊಡುವ ಶೂನ್ಯ ಟಿಕೆಟ್ ಒಂದನ್ನು
ಅದಕ್ಕೂ ಹರಿದು ಕೊಡೋಣ ಅನಿಸಿತು.
ಚೆಕಿಂಗಿನವರಿಗೆ ಉತ್ತರ ಹೇಳುವವರು ಯಾರು,
ಕೊಡಲಿಲ್ಲ.

ವಾಪಸು ಟ್ರಿಪ್ಪಿನಲ್ಲಿ ಚಿಲ್ಲರೆ ಬಿತ್ತು, ಬಗ್ಗಿದೆ.
ಹೊಟ್ಟೆಯ ಮೇಲೆ ಬಿಸಿಯಾಗಿ ನಾಲ್ಕು ಹನಿ.

ಚೆಲ್ಲುತ್ತೆ ಸುಲೇಖಕ್ಕ.
ಮುಂದೆ ಕೇಳಿಕೊಂಡು ಬರುವವಳಿಗೆ ಹೇಳು:
ಬಗ್ಗಬೇಕಾದರೆ ಸೊಂಟ ಬಗ್ಗಿಸಬೇಡ,
ಮಂಡಿ ಮಡಿಸು.